ಸ್ಕ್ರೂ ಇಲ್ಲದ ಫಿಲ್ಟರ್

ಬೆಂಗಳೂರಿನ ಒಂದು ಕಾರ್ಖಾನೆಗೆ ತರಬೇತಿಗೆಂದು ಸೇರಿದ ಮೊದಲ ತಿಂಗಳು ನನಗೆ ಕೊಟ್ಟ ಕೆಲಸ ಒಂದೇ: ಹಿರಿಯ ಟೆಕ್ನಿಷಿಯನ್ ಒಬ್ಬರ ಪಕ್ಕದಲ್ಲಿ ಕೂತು ನೋಡುವುದು. ಅವರ ಮುಂದೆ ಬೆಳ್ಳಿ ಲೇಪದ ಒಂದು ಅಲ್ಯೂಮಿನಿಯಂ ಡಬ್ಬಿ. ಮುಚ್ಚಳದ ಮೇಲೆ ಸಾಲಾಗಿ ಸ್ಕ್ರೂಗಳು, ಒಂದೊಂದಕ್ಕೂ ಒಂದು ಲಾಕ್ ನಟ್. ಡಬ್ಬಿಯ ಎರಡು ತುದಿಯಿಂದ ಎರಡು ಕೇಬಲ್ಲು ನೆಟ್‌ವರ್ಕ್ ಅನಲೈಸರಿಗೆ ಹೋಗಿದ್ದವು. ಅದರ ಪರದೆಯ ಮೇಲೆ ಒಂದು ಗೆರೆ, ಮಧ್ಯದಲ್ಲಿ ಗುಡ್ಡದಂತೆ ಎದ್ದು ಎರಡೂ ಬದಿಗೆ ಇಳಿದಿತ್ತು. ಅದು ಮೈಕ್ರೋವೇವ್ ಫಿಲ್ಟರ್. ಬೇಕಾದ ಆವರ್ತನಗಳನ್ನು ಹಾಯಲು ಬಿಟ್ಟು ಉಳಿದವನ್ನು ತಡೆಯುವ ಜರಡಿ ಅನ್ನಬಹುದು. ಆ ಗುಡ್ಡದ ನೆತ್ತಿ ಚಪ್ಪಟೆಯಾಗಿ, ಕಾಗದದಲ್ಲಿ ಬರೆದ ಜಾಗದಲ್ಲೇ ಕೂರಬೇಕು. ಕೂತಿರಲಿಲ್ಲ.

"ಮೂರನೇದು ಕಾಲು ಸುತ್ತು ಹೊರಗೆ ಬರ್ಬೇಕು," ಅಂದರು ಅವರು, ಸ್ಪ್ಯಾನರಿನಿಂದ ನಟ್ ಸಡಿಲಿಸುತ್ತಾ.

"ಹೇಗೆ ಗೊತ್ತಾಯ್ತು ಸಾರ್?"

"ಗೆರೆ ನೋಡಪ್ಪಾ, ಎಡಕ್ಕೆ ಜಗ್ಗಿದೆ. ಡಬ್ಬಿ ಇರೋದಕ್ಕಿಂತ ಸ್ವಲ್ಪ ಉದ್ದ ಇದ್ದ ಹಾಗೆ ನಡ್ಕೊಳ್ತಾ ಇದೆ. ಅಷ್ಟನ್ನ ನಾವು ಕಡಿಮೆ ಮಾಡ್ಬೇಕು."

ಸ್ಕ್ರೂ ಕಾಲು ಸುತ್ತು ತಿರುಗಿತು, ಗೆರೆ ಜಾಗಕ್ಕೆ ಬಂತು. ನಾನದನ್ನು ಕೈಚಳಕ ಅಂದುಕೊಂಡೆ. 'ಇರೋದಕ್ಕಿಂತ ಉದ್ದ ಇದ್ದ ಹಾಗೆ' ಎಂಬ ಆ ಮಾತಿನೊಳಗೆ ಒಂದು ಇಡೀ ಗಣಿತ ಇದೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಕೆನಡಾದ ಹ್ಯಾಮಿಲ್ಟನ್ ಊರಿನಿಂದ ಬಂದ ಕೆಲವು ಲೇಖನಗಳನ್ನು ಓದಿದಾಗ. ಆ ಗಣಿತ ಸಿಕ್ಕ ಕತೆ ಇದು.

ಮನೆಯ ವೈರಿಂಗಿನಲ್ಲಿ ತಂತಿಯೆಂದರೆ ತಂತಿ. ಒಂದು ಮೊಳ ಉದ್ದ ಹೆಚ್ಚಾದರೂ ದೀಪ ಉರಿಯುತ್ತದೆ. ಮೈಕ್ರೋವೇವ್ ಆವರ್ತನಕ್ಕೆ ಬಂದರೆ ಹಾಗಲ್ಲ. 4 ಗಿಗಾಹರ್ಟ್ಸಿನ ಅಲೆಯೊಂದು ಗಾಳಿಯಲ್ಲಿ ಏಳೂವರೆ ಸೆಂಟಿಮೀಟರ್ ಉದ್ದ. ಅದನ್ನು ಪಿಂಗಾಣಿಯಂಥ ಹಾಳೆಯ ಮೇಲೆ ಅಂಟಿಸಿದ ಲೋಹದ ಪಟ್ಟಿಯಲ್ಲಿ ಹರಿಸಿದರೆ ಇನ್ನೂ ಕುಗ್ಗಿ ಎರಡು ಸೆಂಟಿಮೀಟರ್ ಆದೀತು. ಆಗ ಒಂದು ಸೆಂಟಿಮೀಟರ್ ಉದ್ದದ ಪಟ್ಟಿ ವೀಣೆಯ ತಂತಿಯಂತೆ ತನ್ನದೇ ಒಂದು ಸ್ವರಕ್ಕೆ ಮಿಡಿಯುತ್ತದೆ. ಉದ್ದ ಕೂದಲೆಳೆಯಷ್ಟು ಬದಲಾದರೆ ಸ್ವರ ಬದಲು. ಎರಡು ಪಟ್ಟಿ ಹತ್ತಿರವಿದ್ದರೆ ಒಂದರ ಮಿಡಿತ ಇನ್ನೊಂದಕ್ಕೆ ದಾಟುತ್ತದೆ, ನಡುವಿನ ಸಂದಿ ಎಷ್ಟು ಎಂಬುದರ ಮೇಲೆ ಎಷ್ಟು ದಾಟುತ್ತದೆಂಬುದು ನಿಂತಿದೆ. ಅಲೆಯ ಒಂದು ಪಾಲು ಪಿಂಗಾಣಿಯ ಒಳಗೆ, ಒಂದು ಪಾಲು ಮೇಲಿನ ಗಾಳಿಯಲ್ಲಿ. ಈ ಹಂಚಿಕೆಯನ್ನು ಒಂದು ಸಾಲಿನ ಸೂತ್ರದಲ್ಲಿ ಹಿಡಿಯಲು ಹೆರಾಲ್ಡ್ ವೀಲರ್ 1965ರಲ್ಲಿ ಯತ್ನಿಸಿದರು. 1980ರಲ್ಲಿ ಹ್ಯಾಮರ್‌ಸ್ಟಾಡ್ ಮತ್ತು ಯೆನ್ಸನ್ ಅದನ್ನು ಇನ್ನಷ್ಟು ತಿದ್ದಿ ಕೊಟ್ಟರು. ಮೈಕ್ರೋಸ್ಟ್ರಿಪ್ ಎನ್ನುವ ಇಂಥ ಪಟ್ಟಿಗಳ ವಿನ್ಯಾಸ ಮಾಡುವವರ ಕೈಯಲ್ಲಿ ಇವತ್ತಿಗೂ ಆ ಸೂತ್ರಗಳಿವೆ.

ಈ ಲೆಕ್ಕವನ್ನು ಗಣಕಕ್ಕೆ ಒಪ್ಪಿಸುವ ಯೋಚನೆಗೂ ಸಾಕಷ್ಟು ವಯಸ್ಸಾಗಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಕಲಿತು ಕೆನಡಾಕ್ಕೆ ಬಂದ ಜಾನ್ ಬ್ಯಾಂಡ್ಲರ್ ಎಂಬ ತರುಣ, 1969ರ ಆಗಸ್ಟ್ ತಿಂಗಳಲ್ಲಿ, ಸರ್ಕ್ಯೂಟಿನ ಅಳತೆಗಳನ್ನು ಗಣಕವೇ ಹುಡುಕಿ ಹೊಂದಿಸುವ ವಿಧಾನಗಳ ಬಗ್ಗೆ ಒಂದು ದೀರ್ಘ ಲೇಖನ ಪ್ರಕಟಿಸಿದರು. ಅದೇ ವರ್ಷ ಹ್ಯಾಮಿಲ್ಟನ್ನಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಸೇರಿದರು. 1973ರ ಸುಮಾರಿಗೆ ಹಂಗೇರಿ ಮೂಲದ ಲೆಸ್ ಬೆಸ್ಸರ್ ಅಮೆರಿಕದಲ್ಲಿ 'ಕಾಂಪ್ಯಾಕ್ಟ್' ಎಂಬ ಪ್ರೋಗ್ರಾಮನ್ನು ಮಾರುಕಟ್ಟೆಗೆ ತಂದರು. ನಮ್ಮ ದೇಶದ ಪಾಲೂ ಇಲ್ಲಿ ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1961 ಮತ್ತು 1962ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ಪಡೆದ ಕೆ. ಸಿ. ಗುಪ್ತ, ಮುಂದೆ ಕಾನ್ಪುರದ ಐಐಟಿಯಲ್ಲಿದ್ದಾಗ, ರಮೇಶ್ ಗರ್ಗ್ ಮತ್ತು ರಾಕೇಶ್ ಚಡ್ಢಾ ಜೊತೆ ಗಣಕ ನೆರವಿನ ಮೈಕ್ರೋವೇವ್ ಸರ್ಕ್ಯೂಟ್ ವಿನ್ಯಾಸದ ಬಗ್ಗೆ ಬರೆದ ಪುಸ್ತಕ 1981ರಲ್ಲಿ ಹೊರಬಂತು. ಗುಪ್ತ ಬೆಂಗಳೂರಿನಲ್ಲಿ ಕಲಿಯುತ್ತಿದ್ದ ಕಾಲಕ್ಕೆ ಅದೇ ಸಂಸ್ಥೆಯಲ್ಲಿ ಎಸ್. ಕೆ. ಚಟರ್ಜಿ ಮತ್ತು ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ದಂಪತಿ ಮೈಕ್ರೋವೇವ್ ಸಂಶೋಧನೆಯಲ್ಲಿ ತೊಡಗಿದ್ದರು. ಈ ವಿದ್ಯೆಯ ಕತೆಯಲ್ಲಿ ಆ ಹೆಸರುಗಳು ಬಂದಾಗ ನನಗೆ ಊರಿನವರು ಸಿಕ್ಕಷ್ಟು ಖುಷಿ.

ಇಷ್ಟಾದರೂ ಒಂದು ಕೊರತೆ ಹಾಗೇ ಉಳಿದಿತ್ತು. ಗಣಕ ಹುಡುಕುವುದು ಸೂತ್ರದೊಳಗಿನ ಉತ್ತರವನ್ನು. ಸೂತ್ರದಲ್ಲೇ ಶೇಕಡಾ ಎರಡರ ತಪ್ಪಿದ್ದರೆ ಗಣಕ ಆ ತಪ್ಪಿನ ಸಮೇತ ಉತ್ತರವನ್ನು ಹತ್ತು ದಶಮಾಂಶ ಸ್ಥಾನದವರೆಗೆ ನಿಖರವಾಗಿ ಕೊಡುತ್ತದೆ. ಮಾಡಿ ನೋಡಿದರೆ ಗೆರೆ ಎಡಕ್ಕೋ ಬಲಕ್ಕೋ ಜಗ್ಗಿರುತ್ತದೆ. ಮತ್ತೆ ಸ್ಕ್ರೂ, ಮತ್ತೆ ಸ್ಪ್ಯಾನರ್. ಸ್ಕ್ರೂ ಹಾಕಲು ಜಾಗವೇ ಇಲ್ಲದ ಸರ್ಕ್ಯೂಟಾದರೆ ಹೊಸ ಅಳತೆ ಹಾಕಿ ಇನ್ನೊಂದು ಮಾಡಬೇಕು, ಅದೂ ಸರಿಬರದಿದ್ದರೆ ಮತ್ತೊಂದು.

ಸೂತ್ರವನ್ನೇ ಬಿಟ್ಟು, ವಿದ್ಯುತ್ಕಾಂತ ಅಲೆಗಳ ನಡತೆ ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ನೇರವಾಗಿ ಬಿಡಿಸುವುದು ಇನ್ನೊಂದು ದಾರಿ. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದ ರೋಜರ್ ಹ್ಯಾರಿಂಗ್ಟನ್ 1968ರ ತಮ್ಮ ಪುಸ್ತಕದಲ್ಲಿ ಅದಕ್ಕೆ ಹಾದಿ ಹಾಕಿದ್ದರು. ಲೋಹದ ಪಟ್ಟಿಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದುಕೊಳ್ಳಬೇಕು. ಪ್ರತಿ ಚೌಕದಲ್ಲಿ ಎಷ್ಟು ವಿದ್ಯುತ್ ಹರಿಯುತ್ತಿದೆ, ಅದು ಉಳಿದೆಲ್ಲ ಚೌಕಗಳ ಮೇಲೆ ಏನು ಪರಿಣಾಮ ಬೀರುತ್ತದೆ ಎಂದು ಒಟ್ಟಿಗೇ ಲೆಕ್ಕ ಹಾಕಬೇಕು. ಹ್ಯಾರಿಂಗ್ಟನ್ನರ ಬಳಿ ಓದಿದ ಜೇಮ್ಸ್ ರೌಶಿಯೋ, 1983ರಲ್ಲಿ 'ಸಾನೆಟ್' ಎಂಬ ಸಂಸ್ಥೆ ಕಟ್ಟಿ, 1989ರಲ್ಲಿ 'ಇಎಂ' ಎಂಬ ಸಾಫ್ಟ್‌ವೇರ್ ಮಾರಾಟಕ್ಕಿಟ್ಟರು. ತಿರುವು, ಸಂದಿ, ಅಂಚು, ಎಲ್ಲವನ್ನೂ ಅದು ಎಣಿಕೆಗೆ ತೆಗೆದುಕೊಳ್ಳುತ್ತದೆ. ಆದರೆ ತೆರಬೇಕಾದ ಬೆಲೆ ಸಮಯ. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕರಷ್ಟಾಗುತ್ತವೆ, ಸಮೀಕರಣ ಬಿಡಿಸುವ ಹೊರೆ ಅರವತ್ತನಾಲ್ಕರಷ್ಟು.

ಹೀಗೆ 1990ರ ದಶಕದ ಆರಂಭಕ್ಕೆ ವಿನ್ಯಾಸಗಾರರ ಮೇಜಿನ ಮೇಲೆ ಎರಡು ಉಪಕರಣಗಳಿದ್ದವು. ಒಂದು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಹೇಳುತ್ತಿತ್ತು, ಸ್ವಲ್ಪ ತಪ್ಪಾಗಿ. ಇನ್ನೊಂದು ಸರಿಯಾಗಿ ಹೇಳುತ್ತಿತ್ತು, ಕಾಯಿಸಿ ಕಾಯಿಸಿ.

ಈ ಬಿಕ್ಕಟ್ಟು ಎಷ್ಟು ಬಿಗಿಯೆಂದು ತೋರಿಸಿಕೊಟ್ಟದ್ದು ಒಂದು ಅತಿವಾಹಕ ಫಿಲ್ಟರ್. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಹೊಸ ಬಗೆಯ ಅತಿವಾಹಕ ವಸ್ತುಗಳನ್ನು ಕಂಡುಹಿಡಿದ ಮೇಲೆ, ದ್ರವ ನೈಟ್ರೋಜನ್ನಿನ ತಂಪಿನಲ್ಲೇ ಹೆಚ್ಚುಕಮ್ಮಿ ನಷ್ಟವಿಲ್ಲದೆ ಕೆಲಸ ಮಾಡುವ ಫಿಲ್ಟರ್ ಮಾಡಬಹುದೆಂಬ ಆಸೆ ಎಲ್ಲೆಡೆ ಚಿಗುರಿತ್ತು. ಅಮೆರಿಕದ ವೆಸ್ಟಿಂಗ್‌ಹೌಸ್ ಸಂಸ್ಥೆಯ ಮಾಸ್ಕೋವಿಟ್ಜ್, ತಲೀಸ ಮೊದಲಾದವರು ಅಂಥದೊಂದರ ಮೇಲೆ ಕೆಲಸ ಮಾಡುತ್ತಿದ್ದರು. ಬ್ಯಾಂಡ್ಲರ್ 1983ರಲ್ಲಿ ಹ್ಯಾಮಿಲ್ಟನ್ ಪಕ್ಕದ ಡಂಡಾಸ್ ಊರಿನಲ್ಲಿ ಶುರುಮಾಡಿದ್ದ 'ಆಪ್ಟಿಮೈಸೇಶನ್ ಸಿಸ್ಟಮ್ಸ್ ಅಸೋಸಿಯೇಟ್ಸ್' ಎಂಬ ಪುಟ್ಟ ಸಂಸ್ಥೆ ಅವರ ಜೊತೆಗೂಡಿತು.

ಆ ಫಿಲ್ಟರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲ್ಯಾಂಥನಮ್ ಅಲ್ಯೂಮಿನೇಟ್ ಎಂಬ ಹರಳಿನ ಅರ್ಧ ಮಿಲಿಮೀಟರ್ ದಪ್ಪದ ಹಾಳೆ. ಅದರ ಮೇಲೆ ಅತಿವಾಹಕದ ಸಣ್ಣ ಪಟ್ಟಿಗಳು, ಅಗಲ 7 ಮಿಲ್, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಕಡಿಮೆ. ಒಂದರ ಪಕ್ಕ ಒಂದು, ಅರ್ಧ ಉದ್ದ ಸರಿದು ನಿಂತ ಸಾಲು. ಹೊಂದಿಸಬೇಕಾದ ಅಳತೆಗಳು ಆರು: ಮೂರು ಉದ್ದ, ಮೂರು ಸಂದಿ. ಇದು 4.008ರಿಂದ 4.058 ಗಿಗಾಹರ್ಟ್ಸಿನವರೆಗೆ ಬಂದದ್ದನ್ನು ಹಾಯಲು ಬಿಡಬೇಕು. 3.967ರ ಕೆಳಗೆ, 4.099ರ ಮೇಲೆ ಬಂದದ್ದನ್ನು ತಡೆಯಬೇಕು. ಬಾಗಿಲಿನ ಅಗಲ ಕೇವಲ 50 ಮೆಗಾಹರ್ಟ್ಸ್.

ಈಗ ಲೆಕ್ಕ ಹಾಕಿ. ಆವರ್ತನದಲ್ಲಿ ಶೇಕಡಾ ಒಂದರ ತಪ್ಪಾದರೆ 40 ಮೆಗಾಹರ್ಟ್ಸ್ ಸರಿದಂತೆ, ಬಾಗಿಲು ಹೆಚ್ಚುಕಡಿಮೆ ಪೂರ್ತಿಯಾಗಿ ಗೋಡೆಯ ಮೇಲೆ ಬಂತು. ಅಷ್ಟು ಸರಿಯಲು ಹಾಳೆಯ ಪರಿಣಾಮದ ಅಂದಾಜಿನಲ್ಲಿ ಶೇಕಡಾ ಎರಡು ತಪ್ಪಿದರೆ ಸಾಕು. ಅಲೆಯನ್ನು ಎಷ್ಟು ಕುಗ್ಗಿಸುತ್ತದೆಂದು ಹೇಳುವ ಸಂಖ್ಯೆ, ಪರಾವೈದ್ಯುತ ಸ್ಥಿರಾಂಕ, ಆ ಹರಳಿಗೆ ಸುಮಾರು 23.4, ವಾಡಿಕೆಯ ಹಾಳೆಗಳದ್ದಕ್ಕಿಂತ ಬಲು ಹೆಚ್ಚು. ವಾಡಿಕೆಯ ಸೂತ್ರಗಳು ಅಲ್ಲಿ ನಿಖರವಾಗಿರುತ್ತವೆಂಬ ಭರವಸೆಯಿಲ್ಲ. ಇನ್ನು ಇಎಂ ಸಾಫ್ಟ್‌ವೇರ್? ಸನ್ ಸ್ಪಾರ್ಕ್‌ಸ್ಟೇಷನ್ 10 ಎಂಬ, ಆ ಕಾಲಕ್ಕೆ ಚುರುಕೆನಿಸಿದ ಗಣಕದಲ್ಲಿ, ಒಂದೇ ಒಂದು ಆವರ್ತನದಲ್ಲಿ ಫಿಲ್ಟರಿನ ನಡತೆ ತಿಳಿಯಲು ಸುಮಾರು ಒಂದು ತಾಸು ಬೇಕಿತ್ತು. ಹದಿನಾರು ಆವರ್ತನಗಳಲ್ಲಿ ನೋಡುತ್ತೇವೆ ಎಂದಿಟ್ಟುಕೊಳ್ಳಿ. ಆರು ಅಳತೆಗಳಲ್ಲಿ ಯಾವುದನ್ನು ಯಾವ ಕಡೆ ಸರಿಸಬೇಕೆಂದು ತಿಳಿಯಲು ಮೂಲ ವಿನ್ಯಾಸ ಒಂದು, ಒಂದೊಂದು ಅಳತೆ ಬದಲಿಸಿದವು ಆರು, ಒಟ್ಟು ಏಳು ಸಲ ಓಡಿಸಬೇಕು. 112 ತಾಸು. ನಾಲ್ಕು ದಿನ ಹದಿನಾರು ತಾಸು ಕಾದರೆ ಒಂದು ಹೆಜ್ಜೆ ಇಡಬಹುದು. ಅಂಥ ಹೆಜ್ಜೆಗಳು ಎಷ್ಟೋ ಬೇಕು.

ಸ್ಕ್ರೂ ತಿರುಗಿಸಿ ಸರಿಪಡಿಸೋಣವೆಂದರೆ, ಹರಳಿನ ಮೇಲಿನ ಚಪ್ಪಟೆ ಪಟ್ಟಿಯ ಉದ್ದವನ್ನು ಸ್ಪ್ಯಾನರ್ ಹಿಡಿದು ಬದಲಿಸಲಾಗದು. ಫಿಲ್ಟರ್ ಕೆಲಸ ಮಾಡುವುದೂ ಕೊರೆಯುವ ಚಳಿಯ ಮುಚ್ಚಿದ ಕೋಶದೊಳಗೆ. ವಿನ್ಯಾಸವೇ ಮೊದಲ ಸಲಕ್ಕೆ ಸರಿಯಾಗಿರಬೇಕು.

ಬ್ಯಾಂಡ್ಲರ್ ಆ ಹೊತ್ತಿಗೆ ಕಾಲು ಶತಮಾನ ಈ ಕ್ಷೇತ್ರದಲ್ಲಿ ಕಳೆದಿದ್ದರು. ಅವರ ಸಂಸ್ಥೆ 1992ರಲ್ಲೇ 'ಎಂಪೈಪ್' ಎಂಬ ಕೊಂಡಿಯೊಂದನ್ನು ಮಾಡಿ ರೌಶಿಯೋ ಅವರ ಇಎಂ ಸಾಫ್ಟ್‌ವೇರನ್ನು ತಮ್ಮ ಹುಡುಕಾಟದ ಪ್ರೋಗ್ರಾಮಿಗೆ ಜೋಡಿಸಿತ್ತು. ಎರಡೂ ಉಪಕರಣ ಒಂದೇ ಸೂರಿನಡಿ ಇದ್ದವು. 1993ರಲ್ಲಿ ಬ್ಯಾಂಡ್ಲರಿಗೆ ಹೊಳೆದದ್ದು ಇವೆರಡರ ನಡುವಿನ ಸಂಬಂಧ. ಅದಕ್ಕೆ ಅವರು ಕೊಟ್ಟ ಹೆಸರು 'ಸ್ಪೇಸ್ ಮ್ಯಾಪಿಂಗ್'. ಬಿಯರ್ನಾಟ್ಸ್ಕಿ, ಚೆನ್, ಗ್ರೊಬೆಲ್ನಿ, ಹೆಮ್ಮರ್ಸ್ ಎಂಬ ನಾಲ್ವರು ಸಹೋದ್ಯೋಗಿಗಳ ಜೊತೆ ಬರೆದ ಮೊದಲ ಲೇಖನ 1994ರ ಡಿಸೆಂಬರಿನಲ್ಲಿ ಬಂತು.

ಆ ಹೊಳಹನ್ನು ಬ್ಯಾಂಡ್ಲರ್ ಮುಂದೆ ಚೀಸ್ ಕತ್ತರಿಸುವ ಉದಾಹರಣೆಯಿಂದ ವಿವರಿಸುತ್ತಿದ್ದರು. ನಾನು ಅದನ್ನು ನಮ್ಮೂರ ಶೆಟ್ಟರ ಅಂಗಡಿಯ ಬೆಲ್ಲಕ್ಕೆ ಇಳಿಸಿ ಹೇಳುತ್ತೇನೆ.

ಶೆಟ್ಟರ ಮುಂದೆ ದೊಡ್ಡದೊಂದು ಬೆಲ್ಲದ ಪೆಂಟೆ. ಗಿರಾಕಿಗೆ ಅರ್ಧ ಕಿಲೋ ಬೇಕು. ಶೆಟ್ಟರ ಕಣ್ಣಿಗೆ ವರ್ಷಗಳ ಅಭ್ಯಾಸವಿದೆ, ಇಷ್ಟು ಗಾತ್ರಕ್ಕೆ ಇಷ್ಟು ತೂಕ ಎಂದು. ಕಣ್ಣಳತೆಯಲ್ಲಿ 500 ಗ್ರಾಂ ಆಗುವಷ್ಟು ಒಡೆದು ತಕ್ಕಡಿಗೆ ಹಾಕಿದರು. ತಕ್ಕಡಿ 600 ತೋರಿಸಿತು. ಈ ಸಲದ ಬೆಲ್ಲ ಜಿಗುಟು, ಗಟ್ಟಿ, ತೂಕ ಜಾಸ್ತಿ. ಈಗ ಶೆಟ್ಟರು ಬೆಲ್ಲದ ಸಾಂದ್ರತೆಯ ಹೊಸ ಕೋಷ್ಟಕ ಬರೆಯಲು ಕೂರುವುದಿಲ್ಲ. ಕಣ್ಣಳತೆ ಕೈಕೊಟ್ಟಿತೆಂದು ಅದನ್ನು ಬಿಡುವುದೂ ಇಲ್ಲ. ಅವರು ಅಂದುಕೊಳ್ಳುವುದು ಇಷ್ಟು: ನನ್ನ ಕಣ್ಣಿನ 500, ಈ ಬೆಲ್ಲದಲ್ಲಿ 600 ಇದ್ದ ಹಾಗೆ ನಡೆದುಕೊಳ್ಳುತ್ತಿದೆ. 100 ಹೆಚ್ಚು. ಹಾಗಾದರೆ ಮುಂದಿನ ಗಿರಾಕಿಗೆ ಕಣ್ಣಳತೆಯ 400ಕ್ಕೆ ಒಡೆಯೋಣ. ಒಡೆದರು. ತಕ್ಕಡಿಯಲ್ಲಿ 480. ಇನ್ನೂ 20 ಕಮ್ಮಿ. ಈಗ ಇನ್ನೊಂದು ವಿಷಯ ತಿಳಿಯಿತು. ಕಣ್ಣಳತೆಯಲ್ಲಿ 100 ಇಳಿಸಿದರೆ ತಕ್ಕಡಿಯಲ್ಲಿ 120 ಇಳಿದಿದೆ. ಅಂದಮೇಲೆ 20 ಏರಿಸಲು ಕಣ್ಣಳತೆಯಲ್ಲಿ 17 ಏರಿಸಿದರೆ ಸಾಕು. 417ಕ್ಕೆ ಒಡೆದರು. ತಕ್ಕಡಿಯ ಮುಳ್ಳು 500ಕ್ಕೆ ನಿಂತಿತು.

ಇಲ್ಲಿ ಕಣ್ಣಳತೆ ಎಂದರೆ ಅಗ್ಗದ ಸೂತ್ರ, ಬ್ಯಾಂಡ್ಲರ್ ಕರೆದಂತೆ ಸ್ಥೂಲ ಮಾದರಿ. ತಕ್ಕಡಿಯೆಂದರೆ ದುಬಾರಿ ಇಎಂ ಲೆಕ್ಕ, ಸೂಕ್ಷ್ಮ ಮಾದರಿ. ಅದುವರೆಗೆ ಎಲ್ಲರೂ ಕೇಳುತ್ತಿದ್ದದ್ದು ಎರಡರ ಉತ್ತರಗಳ ನಡುವೆ ಎಷ್ಟು ವ್ಯತ್ಯಾಸವಿದೆ ಎಂದು. ಗೆರೆ ಇಲ್ಲಿ ಎಷ್ಟು ತಗ್ಗಿದೆ, ಅಲ್ಲಿ ಎಷ್ಟು ಉಬ್ಬಿದೆ ಎಂದು. ಬ್ಯಾಂಡ್ಲರ್ ವ್ಯತ್ಯಾಸವನ್ನು ಅಳತೆಗಳ ಭಾಷೆಗೆ ತಿರುಗಿಸಿದರು. ಸೂಕ್ಷ್ಮ ಮಾದರಿಗೆ ಒಂದು ವಿನ್ಯಾಸ ಕೊಟ್ಟಾಗ ಬಂದ ಗೆರೆಯನ್ನು ಹಾಗೇ ಇಟ್ಟುಕೊಂಡು, ಸ್ಥೂಲ ಮಾದರಿಯಲ್ಲಿ ಯಾವ ಅಳತೆ ಹಾಕಿದರೆ ಅದೇ ಗೆರೆ ಬರುತ್ತದೆ ಎಂದು ಹುಡುಕು. 188 ಮಿಲ್ ಉದ್ದದ ಪಟ್ಟಿ 192 ಇದ್ದ ಹಾಗೆ ನಡೆದುಕೊಂಡರೆ 4 ಮಿಲ್ ಇಳಿಸಿ 184 ಹಾಕು, ಮತ್ತೆ ಒಂದು ಸಲ ದುಬಾರಿ ಲೆಕ್ಕ ಮಾಡಿ ನೋಡು. ಆ ಹುಡುಕಾಟವೆಲ್ಲ ನಡೆಯುವುದು ಅಗ್ಗದ ಮಾದರಿಯಲ್ಲಿ, ಸಾವಿರ ಸಲ ಓಡಿಸಿದರೂ ಚಹಾ ಕುಡಿಯುವಷ್ಟು ಹೊತ್ತು. ದುಬಾರಿ ಮಾದರಿಯನ್ನು ತಟ್ಟುವುದು ಪ್ರತಿ ಹೆಜ್ಜೆಗೆ ಒಂದು ಸಲ ತೂಗಲು ಮಾತ್ರ.

'ಇರೋದಕ್ಕಿಂತ ಸ್ವಲ್ಪ ಉದ್ದ ಇದ್ದ ಹಾಗೆ.' ಓದುತ್ತಿದ್ದವನಿಗೆ ಆ ಹಿರಿಯರ ಧ್ವನಿ ಕೇಳಿದಂತಾಗಿ ಪುಟ ಮಗುಚಿಟ್ಟಿದ್ದೆ. ಹ್ಯಾಮಿಲ್ಟನ್ನಿನ ಪ್ರಾಧ್ಯಾಪಕರು ಸಮೀಕರಣದಲ್ಲಿ ಬರೆದದ್ದನ್ನೇ ಅವರು ಕಾಲು ಸುತ್ತಿನಲ್ಲಿ ಮಾಡಿದ್ದರು.

1994ರ ಮೊದಲ ವಿಧಾನದಲ್ಲಿ ಒಂದು ತೊಡಕಿತ್ತು. ಎರಡು ಮಾದರಿಗಳ ಸಂಬಂಧ ತಿಳಿಯಲು ಮೊದಲೇ ಹಲವು ವಿನ್ಯಾಸಗಳನ್ನು ಆರಿಸಿಕೊಂಡು ಎಲ್ಲಕ್ಕೂ ಇಎಂ ಲೆಕ್ಕ ಮಾಡಿ ಇಟ್ಟುಕೊಳ್ಳಬೇಕಿತ್ತು. ಗಿರಾಕಿ ಬರುವ ಮುಂಚೆಯೇ ಹತ್ತು ತುಂಡು ಒಡೆದು ತೂಗಿಟ್ಟುಕೊಂಡಂತೆ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಗಣಿತಜ್ಞ ಕೈ ಮ್ಯಾಡ್ಸೆನ್ ಕೂಡಿಕೊಂಡ ಮೇಲೆ 1995ರಲ್ಲಿ ಅದಕ್ಕೂ ಪರಿಹಾರ ಬಂತು. ಮುಂಗಡ ತೂಕ ಬೇಡ, ಮೊದಲ ತುಂಡಿನಿಂದಲೇ ಕಲಿಯಲು ಶುರುಮಾಡು. ಪ್ರತಿ ತೂಕದಿಂದ ಸಿಕ್ಕಷ್ಟನ್ನೂ ಆಗಲೇ ಬಳಸು. ಶೆಟ್ಟರು '100ಕ್ಕೆ 120' ಎಂದು ಕಂಡುಕೊಂಡರಲ್ಲ, ಆ ಹೆಜ್ಜೆಗೆ ಗಣಿತದಲ್ಲಿ ಮೊದಲೇ ಒಂದು ಸೂತ್ರವಿತ್ತು. ಇಂಗ್ಲೆಂಡಿನ ಚಾರ್ಲ್ಸ್ ಬ್ರಾಯ್ಡನ್ 1965ರಲ್ಲಿ ಪ್ರಕಟಿಸಿದ್ದು. ಬೆಲ್ಲಕ್ಕೆ ಒಂದೇ ಸಂಖ್ಯೆ ಸಾಕು. ಫಿಲ್ಟರಿಗೆ ಆರು ಅಳತೆ. ಮೊದಲ ಸಂದಿ ಬದಲಿಸಿದರೆ ಎರಡನೆಯ ಉದ್ದವೂ ಬದಲಾದಂತೆ ಕಾಣುತ್ತದೆ. ಆ ಆರಕ್ಕಾರರ ಕೋಷ್ಟಕವನ್ನು ಒಂದೊಂದು ಅನುಭವದಿಂದ ಚೂರುಚೂರೇ ತಿದ್ದಿಕೊಂಡು ಹೋಗುವ ಉಪಾಯ ಬ್ರಾಯ್ಡನ್ನರದು. ಮೂವತ್ತು ವರ್ಷ ಹಳೆಯ ಕೀಲಿ ಈ ಬೀಗಕ್ಕೆ ಹೊಂದಿತು.

ಫಲ ನೋಡಿ. ಅತಿವಾಹಕ ಫಿಲ್ಟರಿನ ವಿನ್ಯಾಸ ಬೆರಳೆಣಿಕೆಯ ಇಎಂ ಲೆಕ್ಕಗಳಲ್ಲಿ, ಅದೂ ಆಯ್ದ ಕೆಲವೇ ಆವರ್ತನಗಳಲ್ಲಿ ನೋಡಿದ ಲೆಕ್ಕಗಳಲ್ಲಿ ಕೈಗೂಡಿತು. ಒಂದೇ ವಿನ್ಯಾಸವನ್ನು ನುಣುಪಾಗಿ, ಹತ್ತಿರ ಹತ್ತಿರದ ಆವರ್ತನಗಳಲ್ಲಿ ಒಂದು ಸಲ ಓಡಿಸಿ ಪೂರ್ತಿ ಗೆರೆ ಎಳೆಯಲು ಬೇಕಾದ ಗಣಕ ಸಮಯಕ್ಕಿಂತ, ವಿನ್ಯಾಸವನ್ನು ಹುಡುಕಿ ಮುಗಿಸಲು ತಗುಲಿದ ಸಮಯವೇ ಕಡಿಮೆ. ಈ ವಾಕ್ಯವನ್ನು ನಾನು ಎರಡು ಸಲ ಓದಿದ್ದೆ. ಸರಿಯಾದ ಉತ್ತರ ಬರೆದು ತೋರಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅದನ್ನು ಹುಡುಕಿದ್ದರು.

ದಾರಿ ಅಷ್ಟು ಸಲೀಸಾಗಿರಲಿಲ್ಲ. 'ಯಾವ ಅಳತೆ ಇದ್ದ ಹಾಗೆ ನಡೆದುಕೊಳ್ಳುತ್ತಿದೆ' ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಹಂತವೇ ಈ ವಿಧಾನದ ಅತಿ ಸೂಕ್ಷ್ಮ ಜಾಗ. ಫಿಲ್ಟರಿನ ಬಾಗಿಲು ಅಷ್ಟು ಕಿರಿದಾಗಿರುವಾಗ, ಎರಡು ಮಾದರಿಗಳ ಗುಡ್ಡಗಳು ಬೇರೆಬೇರೆ ಜಾಗದಲ್ಲಿ ಎದ್ದರೆ ಒಂದರ ಗುಡ್ಡದ ಕೆಳಗೆ ಇನ್ನೊಂದರ ಬಯಲಿರುತ್ತದೆ. ಅಳತೆಯನ್ನು ಸ್ವಲ್ಪ ಅತ್ತಿತ್ತ ಮಾಡಿದರೆ ಹೋಲಿಕೆ ಹೆಚ್ಚೂ ಆಗದು, ಕಡಿಮೆಯೂ ಆಗದು. ಹುಡುಕುವ ಪ್ರೋಗ್ರಾಮಿಗೆ ಯಾವ ದಿಕ್ಕಿಗೆ ಹೋಗಬೇಕೆಂಬ ಸುಳಿವೇ ಸಿಗದೆ, ಅದು ಸಿಕ್ಕ ಗುಂಡಿಯಲ್ಲಿ ಕೂತುಬಿಡುತ್ತದೆ. ಅಲ್ಲಿ ಬಂದ ತಪ್ಪು ಉತ್ತರ ಮುಂದಿನ ಹೆಜ್ಜೆಯನ್ನೂ ಕೆಡಿಸುತ್ತದೆ.

ಅದಕ್ಕೆ ಅವರು ಹೂಡಿದ ಉಪಾಯ ನನಗೆ ಇಡೀ ಕತೆಯಲ್ಲೇ ಬಹಳ ಇಷ್ಟ. ಇಬ್ಬರು ಬೇರೆಬೇರೆ ಶ್ರುತಿಯಲ್ಲಿ ಒಂದೇ ರಾಗ ಹಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಶ್ರುತಿ ಬೇರೆಯಾದ್ದರಿಂದ ಯಾರ ಗಾಂಧಾರ ಸರಿ ಎಂದು ಹೋಲಿಸುವುದೇ ಆಗದು. ಮೊದಲು ಒಬ್ಬರ ಶ್ರುತಿಯನ್ನು ಇನ್ನೊಬ್ಬರದಕ್ಕೆ ಸೇರಿಸಬೇಕು. ಇವರೂ ಹಾಗೇ ಮಾಡಿದರು. ಸ್ಥೂಲ ಮಾದರಿಯ ಆವರ್ತನದ ಅಕ್ಷವನ್ನೇ ಸ್ವಲ್ಪ ಸರಿಸಿ, ಸ್ವಲ್ಪ ಹಿಗ್ಗಿಸಿ, ಎರಡು ಗುಡ್ಡಗಳು ಒಂದರ ಮೇಲೊಂದು ಬರುವಂತೆ ಮಾಡಿದರು. ಗುಡ್ಡಗಳು ಕೂಡಿದ ಮೇಲೆ ಅಳತೆಗಳನ್ನು ಹೊಂದಿಸುತ್ತಾ, ಸರಿಸಿದ್ದ ಅಕ್ಷವನ್ನು ಒಂದೊಂದೇ ಕೂದಲೆಳೆ ಹಿಂದಕ್ಕೆ ತಂದರು. ಅಕ್ಷ ತನ್ನ ಸ್ವಸ್ಥಾನಕ್ಕೆ ಮರಳುವ ಹೊತ್ತಿಗೆ, ಸರಿಸಿದ್ದಷ್ಟೂ ಭಾರವನ್ನು ಅಳತೆಗಳು ಹೊತ್ತುಕೊಂಡಿರುತ್ತಿದ್ದವು. ಹೊಂದದ ಎರಡು ಗೆರೆಗಳು ಹೀಗೆ ಒಂದರೊಳಗೊಂದು ಇಳಿಯುವುದನ್ನು ಲೇಖನದ ಚಿತ್ರಗಳಲ್ಲಿ ನೋಡಬೇಕು. ಇನ್ನೊಂದು ತೊಂದರೆಯೂ ಇತ್ತು. ಒಂದು ಉದ್ದ ಹೆಚ್ಚಿ ಇನ್ನೊಂದು ಕಡಿಮೆಯಾದರೂ ಗೆರೆ ಬಹುತೇಕ ಅದೇ ಬರಬಹುದು. ಆಗ ಯಾವ ಉತ್ತರ ನಂಬುವುದು? ಒಂದೇ ವಿನ್ಯಾಸವನ್ನು ನೋಡುವ ಬದಲು ಅಕ್ಕಪಕ್ಕದ ಎರಡು ಮೂರನ್ನು ಒಟ್ಟಿಗೇ ಹೊಂದಿಸಿ ನೋಡುವ ಮೂಲಕ ಅದನ್ನೂ ಬಿಡಿಸಿಕೊಂಡರು.

ಇಷ್ಟೆಲ್ಲ ಹೇಳುವಾಗ ಒಂದು ಪ್ರಶ್ನೆಯನ್ನು ದಾಟಿ ಬಂದೆ. ತಕ್ಕಡಿಯೇ ಸುಳ್ಳು ಹೇಳಿದರೆ? ಇಎಂ ಲೆಕ್ಕ ಸರಿಯೆಂದು ಸಾಕ್ಷಿ ಏನು? ಮಾಡಿದ ಸರ್ಕ್ಯೂಟನ್ನು ಅಳೆದು ಹೋಲಿಸೋಣವೆಂದರೆ ಅಳೆಯುವ ಉಪಕರಣಕ್ಕೂ ತಪ್ಪಿದೆ, ಕೇಬಲ್ಲಿಗೂ ತಪ್ಪಿದೆ, ಮಾಡುವ ಕೈಗೂ ತಪ್ಪಿದೆ. ಈ ವಿಷಯದಲ್ಲಿ ರೌಶಿಯೋ ತೋರಿದ ಪ್ರಾಮಾಣಿಕತೆಯನ್ನು ಮೆಚ್ಚದೆ ಇರಲಾರೆ. ತಮ್ಮ ಸಾಫ್ಟ್‌ವೇರ್ ಮಾರುವ ಮನುಷ್ಯನೇ ಅದರ ತಪ್ಪು ಎಷ್ಟೆಂದು ಅಳೆಯುವ ಕೋಲನ್ನು 1994ರಲ್ಲಿ ಪ್ರಕಟಿಸಿದರು. ಎರಡು ಲೋಹದ ತಟ್ಟೆಗಳ ನಡುವೆ ದಪ್ಪವೇ ಇಲ್ಲದ ಒಂದು ಪಟ್ಟಿ ಇದ್ದರೆ ಅದರ ಉತ್ತರ ಕಾಗದದ ಮೇಲೆಯೇ ಕರಾರುವಾಕ್ಕಾಗಿ ಸಿಗುತ್ತದೆ. ಸಾಫ್ಟ್‌ವೇರಿಗೆ ಅದೇ ಪಟ್ಟಿಯನ್ನು ಕೊಡಿ. ಅದು ಹೇಳಿದ್ದಕ್ಕೂ ಕಾಗದದ ಉತ್ತರಕ್ಕೂ ಇರುವ ಅಂತರವೆಲ್ಲ ಸಾಫ್ಟ್‌ವೇರಿನದೇ ತಪ್ಪು, ಬೇರೆ ಯಾರ ಮೇಲೂ ಹಾಕಲು ಬರುವುದಿಲ್ಲ. ಹೀಗೆ ನೋಡಿದಾಗ, ಪಟ್ಟಿಯ ಅಗಲದಲ್ಲಿ ಹದಿನಾರು ಚೌಕಗಳಿದ್ದರೆ ತಪ್ಪು ಸುಮಾರು ಶೇಕಡಾ ಒಂದು, ಚೌಕಗಳನ್ನು ಇಮ್ಮಡಿ ಮಾಡಿದರೆ ತಪ್ಪು ಅರ್ಧ ಎಂಬ ಅಂದಾಜು ಸಿಕ್ಕಿತು. ತಪ್ಪು ಇಷ್ಟು ಶಿಸ್ತಾಗಿ ಇಳಿಯುತ್ತದೆ ಎಂದಾದರೆ, ಎರಡು ಒರಟು ಲೆಕ್ಕ ಮಾಡಿ ನಿಜ ಎಲ್ಲಿರಬಹುದೆಂದು ಮುಂದಕ್ಕೆ ಗೆರೆ ಎಳೆಯಬಹುದು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಬ್ಯಾಂಡ್ಲರ್ ಸಂಸ್ಥೆಯನ್ನು 1997ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕೊಂಡಿತು. 2000ದ ನವೆಂಬರಿನಲ್ಲಿ ಡೆನ್ಮಾರ್ಕಿನ ಲ್ಯುಂಗ್‌ಬಿಯಲ್ಲಿ ಈ ವಿಷಯಕ್ಕೆಂದೇ ಮೊದಲ ಅಂತರರಾಷ್ಟ್ರೀಯ ಕಾರ್ಯಾಗಾರ ನಡೆಯಿತು. ಮೈಕ್ರೋವೇವ್ ಎಂದರೇನೆಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲದವರೂ ಇದನ್ನು ಕೈಗೆತ್ತಿಕೊಂಡರು. ಸ್ವೀಡನ್ನಿನಲ್ಲಿ ಸಾಬ್ 9-3 ಕಾರು ಡಿಕ್ಕಿಯ ಹೊಡೆತ ತಾಳುವಂತೆ ಅದರ ಭಾಗಗಳ ಅಳತೆ ಹೊಂದಿಸಲು ರೆಡ್ಹೆ ಮತ್ತು ನಿಲ್ಸನ್ ಇದೇ ವಿಧಾನ ಬಳಸಿದರು. ಅಲ್ಲೂ ಒಂದು ಒರಟು ಅಗ್ಗದ ಲೆಕ್ಕವಿತ್ತು, ಒಂದು ನಿಖರ ದುಬಾರಿ ಲೆಕ್ಕವಿತ್ತು.

ಮೈಕ್ರೋವೇವ್ ಮೇಜಿಗೆ ಮರಳಿದರೆ, ಅಲ್ಲಿ ಸ್ಕ್ರೂ ವಾಪಸು ಬಂದಿತ್ತು. ಅಮೆರಿಕದ ಡೇನಿಯಲ್ ಸ್ವಾನ್ಸನ್ ಮೊದಲಾದ ಫಿಲ್ಟರ್ ತಜ್ಞರು ಇಎಂ ಮಾದರಿಯ ಒಳಗೇ, ಸ್ಕ್ರೂ ಇರಬೇಕಾದ ಜಾಗಗಳಲ್ಲಿ, ಕಣ್ಣಿಗೆ ಕಾಣದ ತುದಿಗಳನ್ನು ಬಿಟ್ಟು ಲೆಕ್ಕ ಮಾಡಲು ಶುರುಮಾಡಿದರು. ದುಬಾರಿ ಲೆಕ್ಕ ಒಮ್ಮೆ ಮುಗಿದರೆ ಆಯಿತು. ಆಮೇಲೆ ಆ ತುದಿಗಳಿಗೆ ಚಿಕ್ಕ ಚಿಕ್ಕ ಕೆಪಾಸಿಟರುಗಳನ್ನು ಸರ್ಕ್ಯೂಟ್ ಪ್ರೋಗ್ರಾಮಿನಲ್ಲಿ ಜೋಡಿಸಿ, ಹೆಚ್ಚು ಕಡಿಮೆ ಮಾಡುತ್ತಾ, ಗೆರೆ ಜಾಗಕ್ಕೆ ಬರುವುದನ್ನು ಆಗಿಂದಾಗಲೇ ನೋಡಬಹುದು. ಎಷ್ಟು ಕೆಪಾಸಿಟರ್ ಬೇಕಾಯಿತೋ ಅದನ್ನು ಮತ್ತೆ ಉದ್ದ, ಅಗಲಗಳಿಗೆ ತಿರುಗಿಸಿಕೊಂಡರೆ ವಿನ್ಯಾಸ ತಿದ್ದಿದಂತೆ. 2008ರಲ್ಲಿ ಬ್ಯಾಂಡ್ಲರ್ ತಂಡ ಇದನ್ನು ಸ್ಪೇಸ್ ಮ್ಯಾಪಿಂಗಿನ ಜೊತೆ ಹೆಣೆದು ಒಂದು ವಿಧಾನವಾಗಿ ಮುಂದಿಟ್ಟಿತು.

ಬ್ಯಾಂಡ್ಲರ್ 2023ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ನಾಟಕ, ಕತೆಗಳನ್ನೂ ಬರೆಯುತ್ತಿದ್ದರು. 2013ರಲ್ಲಿ ಕೆನಡಾದ ಎಂಜಿನಿಯರುಗಳ ಪತ್ರಿಕೆಯಲ್ಲಿ ಅವರದೊಂದು ಲೇಖನ ಬಂತು. ಅನುಭವಸ್ಥ ಎಂಜಿನಿಯರಿಗೆ ಸಮಸ್ಯೆಯೊಂದರ ಬಗ್ಗೆ ಒಳಗಿನಿಂದಲೇ ಹೇಗೋ ಏನೋ ಗೊತ್ತಾಗಿಬಿಡುತ್ತದಲ್ಲ, ಅದು ಏನು ಎಂದು ಅವರು ಅಲ್ಲಿ ಕೇಳಿದ್ದರು. ಅದನ್ನು ಓದಿದ ಸಂಜೆ ನನಗೆ ಹಳೆಯ ಕಾರ್ಖಾನೆಯ ಆ ಮೇಜು ನೆನಪಾಯಿತು. ಕೆಲಸ ಮುಗಿದ ಮೇಲೆ ಆ ಹಿರಿಯರು ಪ್ರತಿ ಲಾಕ್ ನಟ್ಟನ್ನೂ ಬಿಗಿದು, ಒಂದೊಂದರ ಮೇಲೂ ಕೆಂಪು ಬಣ್ಣದ ಒಂದು ಚುಕ್ಕೆ ಇಡುತ್ತಿದ್ದರು, ಇನ್ನು ಯಾರೂ ಇದನ್ನು ಮುಟ್ಟಬಾರದು ಎಂದು. ನಟ್ ಬಿಗಿಯುವಾಗ ಸ್ಕ್ರೂ ಎಳೆಯಷ್ಟು ತಿರುಗಿಬಿಡುತ್ತದೆ. ಅದಕ್ಕೇ ಅವರು ಮೊದಲೇ ಎಳೆಯಷ್ಟು ಹಿಂದೆ ನಿಲ್ಲಿಸಿರುತ್ತಿದ್ದರು.